ತಿಪ್ಪೇರುದ್ರನ ಎಳೆಹಗ್ಗ

“ದೋಣಿ ಎಳೆಯೋಕೆ ಅಂಗಡಿ ಹಗ್ಗಾನೇ ತರಿಸಿ” ಎಂದು ದೀಪಿಕಾ ಅನ್ನದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಆಕೆ ನನ್ನಿವಾಳದ ಕೆರೆಯಲ್ಲಿ ಕಯಾಕ್ ಕಲಿಸುವ ಮೇಡಂ. ಕಯಾಕ್ ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ. ಕೆರೆ ಕೋಡಿ ಬಿದ್ದಿದ್ದೇ ತಡ, ಸುತ್ತಲಿನವರಿಗೆಲ್ಲ ಅದರ ಹುಚ್ಚು ಹಿಡಿದಿತ್ತು. ಹಿರಿಯೂರಿನ ಜಲಾಶಯಕ್ಕೆ ಹೊರಟಿದ್ದ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ಸುಸ್ತಾದವರನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವವನದು. ಪಂಪ್‌ಸೆಟ್ ರಿಪೇರಿಯ ತಿಪ್ಪೇರುದ್ರನಿಗೆ ಆ ಜಾಗದ ಮೇಲೆ ಪ್ರಾಣ.

“ಪಾತಾಳದಿಂದ ಬೋರ್ ಮೋಟಾರ್ ಎತ್ತಿದೋನು ನಾನು! ನನಗೆ ಅಂಗಡಿ ಹಗ್ಗನಾ? ನಾನೇ ಮಾಡ್ತೀನಿ, ಅದ್ರಾಗೇ ಎಳೀತೀನಿ. ನೋಡ್ತಿರ್ರಿ!”

“ಮಾಡ್ಕೊಳ್ಳಿ. ಹಗ್ಗ ಚೂರು ಜಗ್ಗಬೇಕು, ಇಲ್ಲಾಂದ್ರೆ ಸೊಂಟ ಉಳುಕುತ್ತೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು, ಇಲ್ಲಾಂದ್ರೆ ನೀವೂ ಕೆಡ್ತೀರಿ” ಎಂದಳು ದೀಪಿಕಾ.

ಆ ಜಾಗಕ್ಕೆ ದೀಪಿಕಾ ಇಟ್ಟಿದ್ದ ಪರೀಕ್ಷೆಯ ದಿನ ಬೆಳಗ್ಗೆ ತಿಪ್ಪೇರುದ್ರ ಜಗಲಿಯ ಮೇಲೆ ಹಗ್ಗ ಹರಡಿಕೊಂಡು ಕೂತ. ಬೀದಿಗೆ ಇಷ್ಟು ಸಾಕಾಯಿತು. ಮೊಳಕಾಲ್ಮುರು ಕಡೆಯ ಪಂಕ್ಚರ್ ಜಯಣ್ಣ ಲಾರಿ ಟ್ಯೂಬು ಹೆಗಲಿಗೆ ಹಾಕಿಕೊಂಡೇ ಬಂದ.

“ಜಗ್ಗಬೇಕಾ? ಟ್ಯೂಬ್ ಪಟ್ಟಿ ಹಾಕಣ್ಣ.”

“ಚೂರು ಸಾಕು ಕಣೋ.”

“ಚೂರು ಯಾಕೆ, ಪೂರ್ತಿ ಹಾಕು. ಏಂ ಕಾದು, ಏನೂ ಆಗಲ್ಲ!” ಎಂದು ಹಗ್ಗದ ನಡುವೆ ಇಡೀ ಟ್ಯೂಬನ್ನೇ ಸೇರಿಸಿ ಕಟ್ಟಿದ.

ಆಮೇಲೆ ಅವ್ವ ಕೆಂಚಕ್ಕ ಬಂದಳು. ಮಗ ಸೊಂಟದ ಪಟ್ಟಿಗೆ ಹಾಕಿದ್ದ ಗಂಟನ್ನು ಎಳೆದಳು. ಪಳಕ್ಕನೆ ಬಿಚ್ಚಿಕೊಂಡಿತು.

“ಥೂ! ಎಳೆದ್ರೆ ಬಿಚ್ಕೊಳ್ಳೋದು ಒಂದು ಗಂಟೇನ್ಲಾ? ನಮ್ಮನೇಲಿ ಕಟ್ಟಿದ ಎತ್ತು ಒಂದಿನ ತಪ್ಪಿಸ್ಕೊಂಡೈತಾ? ನಾಕು ಜನದ ಮುಂದೆ ಮಾನ ಕಳೀಬ್ಯಾಡ!”

“ಅವ್ವ, ಅದು ಬಿಚ್ಚಬೇಕು! ಮುಟ್ಟಬ್ಯಾಡ!”

ಅವನು ನೀರು ಕುಡಿದು ಬರುವಷ್ಟರಲ್ಲಿ ಕೆಂಚಕ್ಕ ಎತ್ತು ಕಟ್ಟುವ ಗಂಟನ್ನೇ ಬಿಗಿದಿದ್ದಳು. ಎಳೆದಷ್ಟೂ ಬಿಗಿಯುವ ಗಂಟು ಅದು. ಬಿಚ್ಚಲು ಹೊತ್ತಿರಲಿಲ್ಲ.

ಕೆರೆಯಲ್ಲಿ ಸುಸ್ತಾದವನ ಪಾತ್ರಕ್ಕೆ ಪಕ್ಕದ ಮನೆಯ ಎಣ್ಣೆ ಗಾಣದ ಸಾವ್ಕಾರ್ ಮುರುಗೇಂದ್ರಪ್ಪ ತಾನಾಗಿಯೇ ಮುಂದೆ ಬಂದಿದ್ದರು. “ಏನೂ ಮಾಡ್ದೆ ಕೂರೋದು ತಾನೇ? ಅದು ನನಗೆ ಚೆನ್ನಾಗಿ ಬರುತ್ತೆ” ಎಂದು ದೋಣಿಗೆ ಇಳಿದರು. ದೋಣಿ ಅರ್ಧ ಮುಳುಗಿತು. ಇಬ್ಬರನ್ನೂ ನೀರಲ್ಲಿ ನಿಂತ ಜಾಲಿ ಪೊದೆಗಳ ಆಚೆ ಕಳಿಸಿ ದೀಪಿಕಾ ಏರಿಯ ಕೆಳಗೆ ಬಾವುಟ ನೆಟ್ಟು ನಿಂತಳು. ಊರೆಲ್ಲ ಏರಿಯ ಮೇಲಿತ್ತು.

ತಿಪ್ಪೇರುದ್ರ ಹುಟ್ಟು ಹಾಕಿದ. ಟ್ಯೂಬು ಜಗ್ಗಿತು. ಮತ್ತೆ ಹಾಕಿದ, ಮತ್ತೂ ಜಗ್ಗಿತು. ಮುರುಗೇಂದ್ರಪ್ಪನವರ ದೋಣಿ ಮಾತ್ರ ಮುಳುಗಿದ್ದ ಜಾಲಿಯ ಬುಡಕ್ಕೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ.

“ಆಗ್ತಾ ಇಲ್ಲ ಬಿಡೋ ತಿಪ್ಪೇರುದ್ರ” ಎಂದರು ಅವರು.

“ಬಿಡಲ್ಲ! ಸತ್ರೂ ಬಿಡಲ್ಲ ಸಾವ್ಕಾರ್ರೆ!”

ಹಲ್ಲು ಕಚ್ಚಿ ಇನ್ನೊಂದು ಸಲ ಹಾಕಿದ. ಜಾಲಿ ಬಿಟ್ಟಿತು. ಕವಣೆಯಿಂದ ಹಾರಿದ ಕಲ್ಲಿನಂತೆ ಸಾವ್ಕಾರರ ದೋಣಿ ಬಂದು ಅವನನ್ನು ಸವರಿಕೊಂಡೇ ಮುಂದೆ ಹೋಯಿತು. ಅವನ ಕೈಯ ಹುಟ್ಟು ನೀರುಪಾಲು. ಮರುಕ್ಷಣ ಹಗ್ಗ ಬಿಗಿಯಿತು, ತಿಪ್ಪೇರುದ್ರನ ದೋಣಿ ಗರ್ರನೆ ತಿರುಗಿ ಹಿಂದುಮುಂದಾಗಿ ಎಳೆಸಿಕೊಂಡು ಹೊರಟಿತು. ಗಂಟು ಬಿಚ್ಚಲು ಒದ್ದಾಡಿದ. ಬಿಚ್ಚುತ್ತದೆಯೇ? ಇತ್ತ ಮುರುಗೇಂದ್ರಪ್ಪ ಜೀವಭಯದಿಂದ “ಶಿವಶಿವಾ!” ಎಂದು ಕಣ್ಣು ಮುಚ್ಚಿ ಹುಟ್ಟು ಹಾಕಿದ್ದೇ ಹಾಕಿದ್ದು. ಬಾವುಟ ದಾಟಿ ದೋಣಿ ಕೆಸರಿಗೆ ಹತ್ತಿದ ಮೇಲೇ ಅವರು ಕಣ್ಣು ಬಿಟ್ಟದ್ದು.

ಜಾಲಿಯ ಆಚೆ ನಡೆದದ್ದು ಏರಿಯವರಿಗೆ ಕಂಡಿರಲಿಲ್ಲ. ಕಂಡದ್ದು ಇಷ್ಟೇ: ಸಾವ್ಕಾರ್ರು ಮುಂದೆ, ತಿಪ್ಪೇರುದ್ರ ಹಿಂದೆ, ನಡುವೆ ಹಗ್ಗ. ಶಿಳ್ಳೆಯೋ ಶಿಳ್ಳೆ.

“ಸೂಪರ್ ಸರ್! ಹಿರಿಯೂರಿಗೆ ನೀವೇ ಬರ್ಬೇಕು” ಎಂದು ದೀಪಿಕಾ ಮುರುಗೇಂದ್ರಪ್ಪನವರ ಕೈ ಕುಲುಕಿದಳು.

“ಅನ್ಯಾಯ! ಎಳೆದೋನು ನಾನು! ಕೇಳ್ರಿ ಇವರನ್ನೇ!” ಕೆಸರಲ್ಲಿ ನಿಂತು ತಿಪ್ಪೇರುದ್ರ ಗಂಟಲು ಹರಿಯುವಂತೆ ಕೂಗಿದ. “ಇನ್ನೊಂದ್ಸಲ ಇಡ್ರಿ ಪರೀಕ್ಷೆ! ಈಗ್ಲೇ ಇಡ್ರಿ! ತಾಕತ್ತಿದ್ರೆ ಇಡ್ರಿ!”

ಮುರುಗೇಂದ್ರಪ್ಪ ಬಾಯಿ ತೆರೆದರು. ನಿಜ ಹೇಳುವವರೇ ಇದ್ದರೇನೋ. ಅಷ್ಟರಲ್ಲಿ ಕೆಂಚಕ್ಕ ಏರಿಯಿಂದ ಓಡಿ ಬಂದು, ಸೆರಗೊಡ್ಡಿ, ಅವರ ಕಾಲಿಗೇ ಬಿದ್ದಳು.

“ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸಾವ್ಕಾರ್ರೆ! ನನ್ನ ಮಗನ್ನ ಉಳಿಸಿ ಕೊಟ್ರಿ!”

ಮುರುಗೇಂದ್ರಪ್ಪ ಒಮ್ಮೆ ತಿಪ್ಪೇರುದ್ರನ ಕಡೆ ನೋಡಿದರು, ಒಮ್ಮೆ ಮೊಬೈಲ್ ಎತ್ತಿ ಹಿಡಿದಿದ್ದ ಜನರ ಕಡೆ ನೋಡಿದರು. ಆಮೇಲೆ ಒದ್ದೆ ಅಂಗಿ ಸರಿಮಾಡಿಕೊಂಡರು.

“ಎದ್ದೇಳು ಕೆಂಚಕ್ಕ. ಪಕ್ಕದ ಮನೆ ಹುಡುಗ, ನೀರಾಗೆ ಬಿಟ್ಟು ಬರೋಕಾಗುತ್ತಾ?”