ಸಿರಿಲ್ ಏಳುವುದಿಲ್ಲ

ಎಲ್ಲಕ್ಕೂ ಮೂಲ ‘ಪರ್ರ್’ ಎಂಬ ಒಂದು ಸಣ್ಣ ಸದ್ದು.

ಸಿರಿಲ್ ಹಾಜೆಟ್ಸ್‌ಗೆ ಬರ್ಮಿಂಗ್‌ಹ್ಯಾಮಿನ ಕಾರು ಕಾರ್ಖಾನೆಯಲ್ಲಿ ಸೀಟು ಕೂರಿಸುವ ಕೆಲಸ. ಆ ಬೆಳಗ್ಗೆ ಒಂದು ‘ಡಚೆಸ್’ ಕಾರಿನೊಳಗೆ ಬಗ್ಗಿ ಬೋಲ್ಟು ಬಿಗಿಯುತ್ತಿದ್ದಾಗ ಪ್ಯಾಂಟಿನ ಹಿಂಬದಿಯ ಹೊಲಿಗೆ ಮೇಲಿಂದ ಕೆಳಗಿನವರೆಗೂ ಬಿಚ್ಚಿಕೊಂಡಿತು. ಒಳಗಿನ ಚಡ್ಡಿಯನ್ನು ಹೆಂಡತಿ ಮಾಡ್ ಹಳೆಯ ಕಿಟಕಿ ಪರದೆಯಿಂದ ಹೊಲಿದಿದ್ದಳು. ತುಂಬ ಗುಲಾಬಿ ಹೂಗಳು. ಕೋಟು ನೋಡಿದರೆ ಶೆಡ್ಡಿನ ಆಚೆ ತುದಿಯ ಗೂಟದಲ್ಲಿ. ನಡುವೆ ಸೀಟಿನ ಕವರು ಹೊಲಿಯುವ ಹೆಂಗಸರ ಸಾಲು. ಯಾರ ಬಾಯಿಗೂ ಬೀಗವಿಲ್ಲ. ಅವರ ಕಣ್ಣಿಗೆ ಈ ಹೂದೋಟ ಬಿದ್ದರೆ ಸಾಯುವವರೆಗೂ ‘ಗುಲಾಬಿ ಸಿರಿಲ್’ ಎಂಬ ಹೆಸರು ಗಟ್ಟಿ.

ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯನ್ನು ಕಾಲಲ್ಲೇ ಎಳೆದುಕೊಂಡು ಸಿರಿಲ್ ಕುಕ್ಕರಿಸಿಬಿಟ್ಟ. ಅವನೆದುರು ಸೀಟಿಲ್ಲದ ಡಚೆಸ್‌ಗಳು ಮದುಮಗನಿಲ್ಲದ ದಿಬ್ಬಣದ ಹಾಗೆ ಒಂದರ ಹಿಂದೊಂದು ಸಾಗಿದವು.

“ಏನ್ ರಾಜಾ, ಹುಷಾರಿಲ್ವಾ?” ಹೊಲಿಗೆ ಸಾಲಿನಿಂದ ಐವಿ ಕೂಗಿದಳು.

“ಏಳಕ್ಕಾಗಲ್ಲ, ಅಷ್ಟೇ.”

“ಏಳಲ್ವಂತೆ ಕಣ್ರೇ!”

ಆ ಮಾತು ಶೆಡ್ಡಿನ ಕೊನೆ ಮುಟ್ಟುವ ಹೊತ್ತಿಗೆ ‘ಏನ್ ಮಾಡಿದ್ರೂ ಏಳಲ್ಲ ಅಂತ ಸಿರಿಲ್ ಹಟ ಹಿಡಿದಿದಾನೆ’ ಎಂದಾಗಿತ್ತು. ಮೊದಲೇ ಕಾರ್ಖಾನೆ ಒಲೆ ಮೇಲಿನ ಹಾಲಿನಂತಿತ್ತು. ಮುಚ್ಚುತ್ತಾರಂತೆ, ಮಾರುತ್ತಾರಂತೆ, ಜಪಾನಿನ ಕಾರುಗಳು ಹಡಗುಗಟ್ಟಲೆ ಬಂದಿಳಿಯುತ್ತಿವೆಯಂತೆ. ನಿಂತವರಿಗೆ ನಿಲ್ಲಲಾಗದ, ಮನೆಗೆ ಹೋದವರಿಗೆ ಮಲಗಲಾಗದ ಚಡಪಡಿಕೆ. ಅಂಥ ಕಡೆ ಒಬ್ಬ ನೆಮ್ಮದಿಯಾಗಿ ಕೂತನೆಂದರೆ ಸುಮ್ಮನೆಯೇ!

ಯೂನಿಯನ್ ಮುಖಂಡ ಬರ್ಟ್ ಕ್ರಂಪ್ ಕೈಲಿದ್ದ ಟೀ ಚೆಲ್ಲಿಕೊಂಡೇ ಓಡಿಬಂದ. “ಏನಾಯ್ತೋ ಸಿರಿಲ್?”

“ಇಲ್ಲಿ ಹೇಳಕ್ಕಾಗಲ್ಲ ಬರ್ಟ್. ಎಲ್ಲಾ ಇದಾರೆ.”

ಬರ್ಟ್ ಸುತ್ತ ನೋಡಿದ. ಮೇಸ್ತ್ರಿ ನಿಂತಿದ್ದ. “ಬಾಯಿ ಬಿಡಬಾರದು ಅಂತ ಹೆದರಿಸಿದಾನಾ?”

“ಹಾಗಲ್ಲಪ್ಪ. ಹಿಂದೆ…”

“ಹಿಂದೆ ಬೇರೆ ಯಾರೋ ಇದಾರಾ? ಗೊತ್ತಿತ್ತು ಕಣೋ ನಂಗೆ!”

ಬರ್ಟ್ ಅಲ್ಲೇ ಒಂದು ಡಚೆಸ್‌ನ ಬಾನೆಟ್ಟು ಹತ್ತಿದ. ಬಾನೆಟ್ಟು ತಗ್ಗಿತು, ಅದು ಹೊಸದೇನಲ್ಲ. “ಬಂಧುಗಳೇ! ಇಪ್ಪತ್ತು ವರ್ಷ ಬಗ್ಗೀ ಬಗ್ಗೀ ಇವನ ಸೊಂಟ ಮುರಿದಿದೆ. ನೋವು ಅನ್ನೋಕೂ ಭಯ! ಎಲ್ರಿಗೂ ಕುರ್ಚಿ ಕೊಡೋವರೆಗೆ ನಾವು ಕೆಲಸ ಮುಟ್ಟಲ್ಲ!”

ಕೆಲಸ ನಿಂತಿತು. ನಾಲ್ವರು ಗಟ್ಟಿಗರು ಸಿರಿಲ್‌ನನ್ನು ಪೆಟ್ಟಿಗೆ ಸಮೇತ ಹೆಗಲಿಗೇರಿಸಿದರು. “ಬಿಡ್ರೋ, ನನ್ ಕೋಟು ಅಲ್ಲಿದೆ!” ಎಂದು ಅವನು ಅರಚಿದ್ದು ಜಯಕಾರದಲ್ಲಿ ಮುಳುಗಿತು. ಗೇಟಿನ ಮುಂದೆ ಚಳಿ ಕಾಯಿಸಿಕೊಳ್ಳಲು ಪೀಪಾಯಿಯಲ್ಲಿ ಬೆಂಕಿ ಹೊತ್ತಿತು. ಇಂಜಿನ್ ವಿಭಾಗದವರು ಬಂದರು, ಬಣ್ಣದವರು ಬಂದರು. ಕ್ಯಾಂಟೀನಿನವರು ಯಾಕೆ ಬಂದರೆಂದು ಅವರಿಗೇ ತಿಳಿಯದು, ಆದರೆ ಚಿಪ್ಸ್ ಬಾಣಲೆ ಇಳಿಸಿಯೇ ಬಂದಿದ್ದರು. ಬಂದವರೆಲ್ಲ ಸಿರಿಲ್‌ನ ಬೆನ್ನು ತಟ್ಟಿದರು. ತಟ್ಟಿದಾಗಲೆಲ್ಲ ಹೊಲಿಗೆ ಇನ್ನೊಂದಿಷ್ಟು ಬಿಟ್ಟಿತು.

ಅವನ ಕಣ್ಮುಂದೆ ಮಾಡ್ ಬಂದಳು. “ಇನ್ನೊಂದು ಮುಷ್ಕರ ಅಂದ್ರೆ ನಾನು ರಿಲ್ ಊರಿಗೆ, ನಮ್ಮಕ್ಕನ ಮನೆಗೆ ಹೊರಟೆ. ಮೊಟ್ಟೆ ನೀನೇ ಬೇಯಿಸ್ಕೋ,” ಎಂದು ಹೋದ ಸಲವೇ ಹೇಳಿದ್ದಳು. ಮಾಡ್ ಆಡಿದರೆ ಮಾಡುವವಳು.

ಮಧ್ಯಾಹ್ನ ಮ್ಯಾನೇಜರ್ ಫಾದರ್‌ಗಿಲ್‌ರಿಂದ ಕರೆ ಬಂತು: ಕೂತಿರುವವರೊಡನೆ ಮಾತಾಡಬೇಕು, ಒಬ್ಬರೇ ಬರಲಿ. ಗಟ್ಟಿಗರು ಪೆಟ್ಟಿಗೆಯನ್ನು ಮಹಡಿ ಹತ್ತಿಸಿ, ಆಫೀಸಿನ ನಡುವೆ ಇಳಿಸಿ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಸಿರಿಲ್ ಎದ್ದು ಬೆನ್ನು ತಿರುಗಿಸಿದ. “ಇಷ್ಟೇ ಸಾರ್ ವಿಷಯ! ಸೂಜಿ ದಾರ ಕೊಡಿ ಸಾರ್, ಹತ್ತು ನಿಮಿಷದಲ್ಲಿ ಎಲ್ರೂ ಒಳಗೆ ಬರ್ತಾರೆ.”

ಫಾದರ್‌ಗಿಲ್ ಕನ್ನಡಕ ಏರಿಸಿ ನೋಡಿದರು. ಮುಖ ಬಿಳಿಚಿತು. “ಯಾರಿಗಾದ್ರೂ ಹೇಳಿದೀರಾ?”

“ಇಲ್ಲ ಸಾರ್.”

“ಸದ್ಯ, ದೇವರು ದೊಡ್ಡವನು.”

ಅವರು ಅವನ ತೋಳು ಹಿಡಿದು ಹಿಂದಿನ ಕಿಟಕಿಗೆ ಕರೆದೊಯ್ದರು. ಕೆಳಗಿನ ಅಂಗಳ, ಅದರಾಚೆಯ ಫುಟ್‌ಬಾಲ್ ಮೈದಾನ, ಅದರಾಚೆಯ ಬಯಲು, ಎಲ್ಲೆಲ್ಲೂ ಡಚೆಸ್‌ಗಳು. ಮಳೆಯಲ್ಲಿ ನೆನೆಯುತ್ತಿದ್ದವು. ಕೆಲವುಗಳ ಚಕ್ರದ ಸುತ್ತ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

“ಒಂದೂ ಹೋಗಿಲ್ಲ ಹಾಜೆಟ್ಸ್. ಕೇಳೋರೇ ಇಲ್ಲ. ಕೆಲಸ ಇಲ್ಲ ಅಂತ ನಾನೇ ಕಳಿಸಿದ್ರೆ ನಿಮಗೆಲ್ಲ ಕೂರಿಸಿ ಸಂಬಳ ಕೊಡಬೇಕು. ನೀವಾಗೇ ಹೊರಗೆ ಹೋದ್ರೆ ಕೊಡಬೇಕಾಗಿಲ್ಲ.” ಅವರು ಬಿಸ್ಕತ್ತಿನ ಡಬ್ಬಿ ಚಾಚಿದರು. “ಎದ್ದುಬಿಡಬೇಡಿ, ದಮ್ಮಯ್ಯ. ಈಸ್ಟರ್‌ವರೆಗಾದ್ರೂ ಕೂತಿರಿ.”

“ಸೂಜಿ ಇಲ್ವಾ ಸಾರ್?”

“ಇದೆ. ಕೊಡಲ್ಲ.”

ಹುಟ್ಟಿದಾರಭ್ಯ ಯಾರಿಗೂ ಎದುರಾಡದ ಸಿರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಮಾನ ಹೋದರೆ ಹೋಗಲಿ ಎಂದು ಪೆಟ್ಟಿಗೆಯನ್ನು ಕಂಕುಳಲ್ಲಿರುಕಿಕೊಂಡು, ತನ್ನ ಕಾಲಲ್ಲೇ ಮೆಟ್ಟಿಲಿಳಿದು ಗೇಟಿಗೆ ಬಂದ. ಪೆಟ್ಟಿಗೆಯ ಮೇಲೆ ನಿಂತ.

“ನಂಗೆ ಸೊಂಟಾನೂ ಮುರಿದಿಲ್ಲ, ಯಾರೂ ಹೆದರಿಸೂ ಇಲ್ಲ! ಪ್ಯಾಂಟು ಹರೀತು, ಕೂತೆ, ಅಷ್ಟೇ! ನಾವು ಮಾಡಿದ ಕಾರು ಯಾರಿಗೂ ಬೇಡ್ವಂತೆ ಕಣ್ರೋ. ಹಿಂದಿನ ಬಯಲಲ್ಲಿ ಹುಲ್ಲು ಬೆಳೀತಿದೆ. ನಾವು ಹೊರಗಿದ್ದಷ್ಟೂ ಅವರಿಗೇ ಲಾಭ. ಒಳಗೆ ನಡೀರಿ!” ನಂಬಲಿ ಎಂದು ತಿರುಗಿ, ಬಗ್ಗಿಯೂ ತೋರಿಸಿದ.

ಯಾರೂ ನಗಲಿಲ್ಲ. ಐವಿಯ ಕಣ್ಣು ತುಂಬಿ ಬಂತು.

ಬರ್ಟ್ ನಿಧಾನವಾಗಿ ಟೋಪಿ ತೆಗೆದ. “ಕಾರಿನ ಮಾತು ಆಮೇಲೆ. ಇಲ್ಲಿ ನೋಡಿ ಬಂಧುಗಳೇ! ಇಪ್ಪತ್ತು ವರ್ಷ ದುಡಿದವನ ಗತಿ! ಪರದೆ ಬಟ್ಟೆ ಉಟ್ಕೊಂಡು ಬದುಕ್ತಿದಾನೆ! ಕುರ್ಚಿ ಹಾಳಾಗ್ಲಿ. ಒಬ್ಬೊಬ್ರಿಗೂ ಎರಡೆರಡು ಪ್ಯಾಂಟು ಕೊಡೋವರೆಗೆ ಈ ಗೇಟು ದಾಟೋರು ಯಾರು?”

“ಯಾರೂ ಇಲ್ಲ!” ಬೀದಿಯೇ ಗುಡುಗಿತು.

ಐವಿ ಮೂಗೊರೆಸಿಕೊಳ್ಳುತ್ತ, ಏಪ್ರನ್ನಿನಿಂದ ಸೂಜಿ ದಾರ ತೆಗೆದು ಸಿರಿಲ್‌ನ ಹಿಂದೆ ಬಂದು ಮಂಡಿಯೂರಿದಳು. ಸಿರಿಲ್ ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ.

ಬರ್ಟ್ ಗಬಕ್ಕನೆ ಅವಳ ಕೈ ಹಿಡಿದ.

“ಹೊಲಿದುಬಿಟ್ಟೀಯೆ ತಾಯಿ! ನಾಳೆ ಟಿವಿಯವರು ಬರ್ತಿದಾರೆ.”