ಒಟ್ಟಿಲಿಯಾಳ ಕಿಟಕಿಯ ದುರ್ಬೀನು

ಎಲ್ಲಕ್ಕೂ ಮೂಲ ಒಂದು ಕೇಕಿನ ಪಾತ್ರೆ.

ಶನಿವಾರ ಬೆಳಿಗ್ಗೆ ಗೆರ್ಲಿಂಡೆ ಅದನ್ನು ತೊಳೆದು ಒರೆಸಿ ಗಂಡನ ಕೈಗೆ ಕೊಟ್ಟಳು. "ಎದುರುಮನೆ ಒಟ್ಟಿಲಿಯಾಗೆ ಕೊಟ್ಟು ಬಾ. ಈಸ್ಟರ್ ಹಬ್ಬದಿಂದ ಅವಳ ಪಾತ್ರೆ ನಮ್ಮನೇಲೇ ಇದೆ ಅಂತ ಊರಿಗೆಲ್ಲ ಸಾರ್ತಿದಾಳೆ." ಆಗ ನವೆಂಬರ್ ತಿಂಗಳು.

ವೆಂಡೆಲಿನ್‌ಗೆ ಹೋಗಲು ಮನಸ್ಸಿರಲಿಲ್ಲ. ವಿಧವೆ ಒಟ್ಟಿಲಿಯಾಳ ಅಡುಗೆಮನೆಗೆ ನಮ್ಮ ಹಳ್ಳಿಯಲ್ಲಿ ಯಾರೂ ತಾವಾಗಿ ಹೋಗುವುದಿಲ್ಲ. ಹೋದವರು ಎದ್ದು ಬರುವಷ್ಟರಲ್ಲಿ ಅವರ ಮನೆಯ ಸುದ್ದಿಯೆಲ್ಲ ಅಲ್ಲಿ ಬಿಚ್ಚಿ ಹರಡಿಕೊಂಡಿರುತ್ತದೆ.

ಈ ವೆಂಡೆಲಿನ್ ಡೇರಿಯಲ್ಲಿ ಬೆಣ್ಣೆಯ ಕೆಲಸ ನೋಡಿಕೊಳ್ಳುತ್ತಿದ್ದ ಸಾಧು ಪ್ರಾಣಿ. ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆದವನಲ್ಲ. ಆದರೆ ಪಕ್ಕದ ಫೆರ್ಲಾಖ್ ಊರಿನ ಕಸುಬುದಾರರು ಹಿಂದಿನ ಕಾಲದಲ್ಲಿ ಮಾಡಿದ ಬೇಟೆ ಬಂದೂಕುಗಳೆಂದರೆ ಪ್ರಾಣ ಬಿಡುತ್ತಿದ್ದ. ಅದಕ್ಕಿಂತಲೂ ಹೆಚ್ಚಿನ ಹುಚ್ಚು ಬಂದೂಕಿನ ಮೇಲೆ ದುರ್ಬೀನು ಕೂರಿಸುವ ಏರ್ಪಾಡುಗಳದ್ದು. ಅವನ ಬೀರುವಿನಲ್ಲಿದ್ದ ಒಂದು ಬಂದೂಕಿನ ದುರ್ಬೀನು ಬಾಗಿಲಿನ ಹಾಗೆ ಪಕ್ಕಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತಿತ್ತು. ಇನ್ನೊಂದರದ್ದು ಮುನಿಸಿಕೊಂಡ ಹೆಂಡತಿಯಂತೆ ಎಡಮಗ್ಗುಲಿಗೆ ಸರಿದು ಕೂರುತ್ತಿತ್ತು. ಎಲ್ಲಕ್ಕಿಂತ ಅವನಿಗೆ ಪ್ರೀತಿ ಕೊಕ್ಕೆಕಾಲಿನದು. ಮುಂದಿನ ಕೊಕ್ಕೆಗಳನ್ನು ಬಂದೂಕಿನ ಬೆನ್ನಿನ ಗೂಡಿಗೆ ಸಿಕ್ಕಿಸಿ ಹಿಂದೆ ಒತ್ತಿದರೆ ಟಿಕ್ ಎಂದು ಕೂತುಬಿಡುತ್ತದೆ. ಆ ಕಾಲುಗಳನ್ನು ಅರದಿಂದ ಉಜ್ಜಿ ಉಜ್ಜಿ ಒಂದೇ ಒಂದು ಬಂದೂಕಿಗೆ ಹೊಂದಿಸಿರುತ್ತಾರೆ. ಬೇರೆ ಬಂದೂಕಿಗೆ ಜಪ್ಪಯ್ಯ ಎಂದರೂ ಕೂರುವುದಿಲ್ಲ.

ಹರಾಜಿನಲ್ಲಿ ಕೊಂಡ ಅಂಥದೊಂದು ಬಂದೂಕು ಅವನ ಬಳಿ ಇತ್ತು, ದುರ್ಬೀನು ಮಾತ್ರ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಊರನ್ನು ಹಿಡಿದ ಇಂಗ್ಲಿಷ್ ಸೈನಿಕರು ಮನೆಮನೆಗೆ ಬಂದು ಬಂದೂಕು ಒಪ್ಪಿಸಿ ಎಂದರು. ಯಾರೆಂದು ಮಾರಿದವರಿಗೂ ಗೊತ್ತಿಲ್ಲದ ಅದರ ಹಳೆಯ ಒಡೆಯ ಬಂದೂಕನ್ನು ಒಂದು ಕಡೆ, ದುರ್ಬೀನನ್ನು ಇನ್ನೊಂದು ಕಡೆ ಬಚ್ಚಿಟ್ಟು, ಎಲ್ಲಿ ಎಂದು ಯಾರಿಗೂ ಹೇಳದೆ ಸತ್ತ. ವೆಂಡೆಲಿನ್ ಹನ್ನೊಂದು ವರ್ಷ ವಿಯೆನ್ನಾದಿಂದ ಮ್ಯೂನಿಕ್‌ವರೆಗೆ ಹರಾಜುಗಳಲ್ಲಿ ಅದನ್ನು ಹುಡುಕಿದ್ದ.

ಅದು ಒಟ್ಟಿಲಿಯಾಳ ಕಿಟಕಿಯ ಕಟ್ಟೆಯ ಮೇಲೆ, ಬೀದಿಗೆ ಕಾಣದಂತೆ ಜೆರೇನಿಯಂ ಕುಂಡದ ಮರೆಯಲ್ಲಿ, ಕೊಕ್ಕೆಕಾಲುಗಳನ್ನು ಊರಿಕೊಂಡು ಕೂತಿತ್ತು.

ವೆಂಡೆಲಿನ್‌ನ ಕೈಯಿಂದ ಪಾತ್ರೆ ಬಿತ್ತು.

"ಏಳು ತಿಂಗಳು ಇಟ್ಕೊಂಡು ಈಗ ಚಪ್ಪಟೆ ಮಾಡ್ದೆ," ಎಂದಳು ಒಟ್ಟಿಲಿಯಾ.

"ಅದು... ಅದು ಎಲ್ಲಿ ಸಿಕ್ತು ನಿಮ್ಗೆ?"

"ನಮ್ಮ ಮಾವ ಹಿಟ್ಟಿನ ಡಬ್ಬದಲ್ಲಿ ಹುದುಗಿಸಿಟ್ಟಿದ್ರು. ಗಂಡ ಸತ್ತ ಮೇಲೆ ನಂಗೆ ಅದೇ ಜೊತೆ. ಬೀದೀಲಿ ಯಾರು ಎಲ್ಲಿಗೆ ಹೋದ್ರು, ಯಾಕೆ ಹೋದ್ರು, ಎಲ್ಲಾ ಕಾಣತ್ತೆ."

"ಒಟ್ಟಿಲಿಯಾ ಅವ್ರೇ, ಅದು ನನ್ನ ಬಂದೂಕಿಂದು! ನಿಮ್ಗೆ ಒಳ್ಳೇದು, ಹೊಸದು, ಎರಡು ಕಣ್ಣಿನ ದುರ್ಬೀನು ತಂದ್ಕೊಡ್ತೀನಿ."

"ಎರಡು ಕಣ್ಣಿಂದು ಯಾರಿಗೆ ಬೇಕು ಮಾರಾಯ? ಇದ್ರೊಳಗೆ ನಡುವೆ ಒಂದು ಗೂಟ ಇದೆ, ಕೆಳಗಿಂದ ಎದ್ದು ನಿಂತಿರತ್ತೆ. ಆ ಗೂಟದ ತುದೀಲಿ ಒಬ್ರನ್ನ ಕೂರಿಸಿದ್ರೆ ಮುಗೀತು, ತಪ್ಪಿಸ್ಕೊಳ್ಳಕ್ಕಾಗಲ್ಲ. ಗೂಟದ ಹಿಂದೆ ನಿಂತವ್ರು ಕಾಣಲ್ಲ, ಅದೊಂದೇ ಕೊರತೆ." ಅವಳು ಅವನನ್ನು ದುರ್ಬೀನಿಲ್ಲದೆಯೇ ಅಳೆದಳು. "ಅದಿರ್ಲಿ, ಭಾನುವಾರ ಹೋಟೆಲಲ್ಲಿ ಆ ಗಂಟೆ ಕ್ರಿಸ್ಪಿನ್ ಮೇಲೆ ಕೂಗಾಡಿದ್ಯಂತೆ?"

ಚರ್ಚಿನ ಕೆಲಸದ ಕ್ರಿಸ್ಪಿನ್ ರಜೆಯ ದಿನವೂ ಬೆಳಗಿನ ಜಾವ ಗಂಟೆ ಬಾರಿಸುತ್ತಿದ್ದ. ಒಂದಲ್ಲ ಒಂದು ದಿನ ನಿನ್ನ ಗಂಟೆ ನಿಲ್ಲಿಸ್ತೀನಿ ಎಂದು ವೆಂಡೆಲಿನ್ ಎಲ್ಲರೆದುರು ಹೇಳಿದ್ದು ನಿಜ. ಈಗ ಅವನಿಗೆ ಕ್ರಿಸ್ಪಿನ್ ನೆನಪೇ ಇರಲಿಲ್ಲ.

ಕೊನೆಗೆ ಒಟ್ಟಿಲಿಯಾ ಒಂದು ಪಂದ್ಯ ಕಟ್ಟಿದಳು. "ಬಂದೂಕು ಇಲ್ಲಿಗೆ ತಗೊಂಬಾ. ಕೂತ್ರೆ ದುರ್ಬೀನು ನಿಂದು. ಕೂರ್ಲಿಲ್ಲ ಅಂದ್ರೆ ಚಳಿಗಾಲ ಪೂರ್ತಿ ನಮ್ಮನೆ ಮುಂದಿನ ಹಿಮ ನೀನೇ ಎತ್ತಿ ಹಾಕ್ಬೇಕು."

ವೆಂಡೆಲಿನ್ ಓಡಿಹೋಗಿ ಬಂದೂಕು ತಂದ. ಮುಂದಿನ ಕೊಕ್ಕೆ ಸಿಕ್ಕಿಸಿದ. ಹಿಂದೆ ಒತ್ತಿದ.

ಟಿಕ್.

ಅವನ ಮದುವೆಯ ದಿನ ಚೆನ್ನಾಗಿತ್ತು, ಮಗಳು ಹುಟ್ಟಿದ ದಿನವೂ ಚೆನ್ನಾಗಿತ್ತು. ಆದರೆ ಇಂಥ ಸದ್ದು ಆ ದಿನಗಳಲ್ಲಿ ಇರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಕೂತ್ಕೊಳ್ತಲ್ಲ. ಇನ್ನು ಹೊರಡು," ಎಂದಳು ಒಟ್ಟಿಲಿಯಾ, ಬೇಸರದಿಂದ.

"ಇರಿ, ಪರೀಕ್ಷೆ ಆಗ್ಬೇಕು."

ಕೊಕ್ಕೆಕಾಲಿನ ಹೆಚ್ಚುಗಾರಿಕೆ ಅದು ಕೂರುವುದರಲ್ಲಿಲ್ಲ. ಬಿಚ್ಚಿ ಮತ್ತೆ ಕೂರಿಸಿದರೆ ಗುರಿ ಕೂದಲೆಳೆಯಷ್ಟೂ ಕದಲದೆ ಮೊದಲಿನ ಜಾಗಕ್ಕೇ ಬರುವುದರಲ್ಲಿದೆ. ಹಾಗಾಗಿ ಅಲುಗಾಡದ ಗುರಿಯೊಂದು ಬೇಕು. ಚರ್ಚಿನ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜವಿತ್ತು, ತುಕ್ಕು ಹಿಡಿದು ವರ್ಷಗಳಿಂದ ತಿರುಗಿರಲಿಲ್ಲ. ಗಾಜು ಅಡ್ಡ ಬರಬಾರದೆಂದು ಅವನು ಕಿಟಕಿ ತೆರೆದು, ನಳಿಗೆಯನ್ನು ಹೊರಗೆ ಚಾಚಿ, ಗೂಟದ ತುದಿಯನ್ನು ಹುಂಜದ ಕುತ್ತಿಗೆಗೆ ಇಟ್ಟ. ಬಿಚ್ಚಿದ, ಕೂರಿಸಿದ, ಮತ್ತೆ ನೋಡಿದ. ಅದೇ ಕುತ್ತಿಗೆ! ಮೂರನೆಯ ಸಲವೂ ಅದೇ ಕುತ್ತಿಗೆ.

ಗೂಟದ ಹಿಂದೆ, ಹುಂಜದ ಕೆಳಗಿನ ಕಿಂಡಿಯಲ್ಲಿ, ಎಣ್ಣೆ ಡಬ್ಬ ಹಿಡಿದು ಹುಂಜದ ಕೀಲಿಗೆ ಎಣ್ಣೆ ಬಿಡುತ್ತಿದ್ದ ಕ್ರಿಸ್ಪಿನ್ ಇದ್ದ. ಅವನಿಗೆ ಕಂಡದ್ದು ಇಷ್ಟೇ: ಭಾನುವಾರ ಎಚ್ಚರಿಕೆ ಕೊಟ್ಟವನು ಶನಿವಾರ ತನಗೆ ಗುರಿ ಇಡುತ್ತಿದ್ದಾನೆ, ಸಮಾಧಾನವಾಗದೆ ಇಳಿಸುತ್ತಿದ್ದಾನೆ, ಏನನ್ನೋ ಸರಿಮಾಡಿಕೊಂಡು ಮತ್ತೆ ಇಡುತ್ತಿದ್ದಾನೆ. ಅವನು ಕಿಂಡಿಯೊಳಗೆ ಬಿದ್ದು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಗಂಟೆಯ ಹಗ್ಗಕ್ಕೆ ಜೋತುಬಿದ್ದ.

"ನೋಡಿ! ಹೊತ್ತಿಲ್ಲ ಗೊತ್ತಿಲ್ಲ, ಈಗ್ಲೂ ಶುರು ಮಾಡ್ದ ನೋಡಿ!" ಎಂದು ವೆಂಡೆಲಿನ್ ಕಿಟಕಿಯಿಂದಲೇ ಬಂದೂಕು ಝಳಪಿಸಿ ಗದರಿದ.

ಗಂಟೆ ಕೇಳಿ ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಮೊದಲು ಬೆಂಕಿ ಆರಿಸುವವರು ಏಣಿಯೊಂದಿಗೆ ಬಂದರು. ಆಮೇಲೆ ಹಿಟ್ಟಿನ ಕೈಯಲ್ಲೇ ಬೇಕರಿಯವನು ಬಂದ. ಆಮೇಲೆ ಎಲ್ಲರೂ ಬಂದರು. ಕಿಂಡಿಯಿಂದ ಕೈಯೊಂದು ಹೊರಬಂದು ಒಟ್ಟಿಲಿಯಾಳ ಕಿಟಕಿ ತೋರಿಸಿತು. ಊರೆಲ್ಲ ತನ್ನತ್ತ ತಿರುಗಿದ್ದನ್ನು ಕಂಡು ವೆಂಡೆಲಿನ್‌ಗೆ ಸಂತೋಷ ತಡೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ತನ್ನನ್ನು ಗೇಲಿ ಮಾಡಿದ್ದ ಜನ! ಅವನು ಬಂದೂಕನ್ನು ಎತ್ತಿ ಹಿಡಿದು ಕೂಗಿದ: "ಮೂರು ಸಲ ಇಟ್ಟೆ! ಮೂರು ಸಲಾನೂ ಕುತ್ತಿಗೆಗೇ!"

ಬೀದಿ ಖಾಲಿಯಾಯಿತು. ಇನ್‌ಸ್ಪೆಕ್ಟರ್ ಸಡೋವ್ನಿಕ್ ಒಬ್ಬನೇ ಠಾಣೆಯಿಂದ ನಡೆದು ಬಂದ. ಠಾಣೆ ಚರ್ಚಿನ ಪಕ್ಕದಲ್ಲೇ ಇದೆ.

"ಗುಂಡು ಇದೆಯೇನ್ರೀ ಇದ್ರಲ್ಲಿ?"

"ಇದಕ್ಕೆ ಗುಂಡು ಮಾಡೋದು ನಮ್ಮಪ್ಪನ ಕಾಲಕ್ಕೇ ನಿಲ್ಲಿಸಿದ್ರು ಸಾಹೇಬ್ರೇ. ನಾನು ಗುರಿ ಇಟ್ಟಿದ್ದು ಹುಂಜಕ್ಕೆ."

"ಹುಂಜ ಏನ್ ಮಾಡಿತ್ತು ನಿಮ್ಗೆ?"

"ಸಾಹೇಬ್ರೇ, ನಾನು ಸಾಕ್ಷಿ ಹೇಳ್ತೀನಿ," ಎಂದು ಒಟ್ಟಿಲಿಯಾ ಮುಂದೆ ಬಂದಳು. ವೆಂಡೆಲಿನ್ ಕೃತಜ್ಞತೆಯಿಂದ ಅವಳತ್ತ ನೋಡಿದ. "ಇವ್ನು ಕ್ರಿಸ್ಪಿನ್ ಗಂಟೆ ನಿಲ್ಲಿಸ್ತೀನಿ ಅಂದಿದ್ದು ಭಾನುವಾರ. ಮೂರ್ನೇ ಗ್ಲಾಸ್ ಬಿಯರ್ ಆದ್ಮೇಲೆ."

ಸಡೋವ್ನಿಕ್ ನಿಟ್ಟುಸಿರು ಬಿಟ್ಟ. "ವಿಚಾರಣೆ ಮುಗಿಯೋವರ್ಗೂ ಬಂದೂಕು ಠಾಣೇಲಿರತ್ತೆ. ದುರ್ಬೀನು ಬಿಚ್ಕೊಳ್ಳಿ."

"ಬಿಚ್ಚೋದೇ?" ವೆಂಡೆಲಿನ್ ಬಂದೂಕನ್ನು ಮಗುವಿನಂತೆ ಅವಚಿಕೊಂಡ. "ಈಗ ತಾನೇ ಸೇರಿದಾವೆ ಸಾಹೇಬ್ರೇ! ಎಂಬತ್ತು ವರ್ಷ ಆದ್ಮೇಲೆ! ಎರಡನ್ನೂ ತಗೊಂಡ್ಹೋಗಿ. ಬೇಕಾದ್ರೆ ನನ್ನನ್ನೂ ತಗೊಂಡ್ಹೋಗಿ."

"ಕಾನೂನಿನಲ್ಲಿ ದುರ್ಬೀನು ಆಯುಧ ಅಲ್ಲ. ಆಯುಧ ಅಲ್ಲದ್ದನ್ನ ನಾನು ಮುಟ್ಟಂಗಿಲ್ಲ."

ವೆಂಡೆಲಿನ್ ತನ್ನ ಕೈಯಿಂದಲೇ ಬಿಚ್ಚಬೇಕಾಯಿತು. ಅದು ಬೆಣ್ಣೆಯಂತೆ ಬಿಚ್ಚಿಕೊಂಡಿತು. ಬೆಳಿಗ್ಗೆ ಅವನ ಬಳಿ ದುರ್ಬೀನಿಲ್ಲದ ಬಂದೂಕಿತ್ತು, ಮಧ್ಯಾಹ್ನದ ಊಟಕ್ಕೆ ಅವನು ಬಂದೂಕಿಲ್ಲದ ದುರ್ಬೀನು ಹಿಡಿದು ಮನೆಗೆ ಬಂದ.

"ಪಾತ್ರೆ ಕೊಟ್ಯಾ?" ಎಂದು ಕೇಳಿದಳು ಗೆರ್ಲಿಂಡೆ.

ವಿಚಾರಣೆ ಇನ್ನೂ ನಡೆಯುತ್ತಲೇ ಇದೆ. ಕ್ರಿಸ್ಪಿನ್ ದಿನಕ್ಕೊಂದು ಹೊಸ ವಿವರ ನೆನಪಿಸಿಕೊಳ್ಳುತ್ತಾನೆ. ಬಂದೂಕು ಠಾಣೆಯ ಸರಳಿನ ಬೀರುವಿನಲ್ಲಿದೆ. ಆ ಬೀರು ಕಾಣುವ ಕಿಟಕಿ ಊರಲ್ಲಿ ಒಂದೇ ಒಂದು, ಅದು ಒಟ್ಟಿಲಿಯಾಳದ್ದು.

ದಿನವೂ ಡೇರಿಯಿಂದ ಬಂದವನೇ ವೆಂಡೆಲಿನ್ ದುರ್ಬೀನನ್ನು ಕೋಟಿನೊಳಗಿಟ್ಟುಕೊಂಡು ಎದುರುಮನೆಗೆ ಹೋಗುತ್ತಾನೆ. ಕಿಟಕಿಯ ಕಟ್ಟೆಯ ಮೇಲೆ ಕೊಕ್ಕೆಕಾಲೂರಿ ನೋಡುತ್ತಾನೆ. ಎತ್ತಿ, ಮತ್ತೆ ಇಟ್ಟು, ಮತ್ತೆ ನೋಡುತ್ತಾನೆ. ಬಂದೂಕು ಅದೇ ಜಾಗದಲ್ಲಿರುತ್ತದೆ. ಅವನ ಸರದಿ ಮುಗಿದ ಮೇಲೆ ಒಟ್ಟಿಲಿಯಾ ನೋಡುತ್ತಾಳೆ, ರಾತ್ರಿ ಊಟದ ಹೊತ್ತಿನವರೆಗೆ.

"ನಿನ್ನ ಬಂದೂಕಿನ ನಳಿಗೆ ತುದಿಗೆ ಸಡೋವ್ನಿಕ್ ಟೋಪಿ ನೇತುಹಾಕಿದಾನೆ ಕಣೋ," ಎಂದಳು ಮೊನ್ನೆ. "ಚೆನ್ನಾಗಿ ಕೂತಿದೆ."

ವೆಂಡೆಲಿನ್ ಹೊರಗೆ ಹೋಗಿ ಸನಿಕೆ ತೆಗೆದುಕೊಂಡ. ಪಂದ್ಯ ಗೆದ್ದವನು ಅವನೇ, ಅದರಲ್ಲಿ ತಕರಾರಿಲ್ಲ. ಆದರೆ ಕಿಟಕಿ ಒಟ್ಟಿಲಿಯಾಳದ್ದು, ಮತ್ತು ಈ ಸಲ ಹಿಮ ಬೇಗ ಬಿದ್ದಿತ್ತು.