ವೆಂಡೆಲ್ ಮೇಷ್ಟ್ರ ಧನ್ಯವಾದ

ಬೆಳಿಗ್ಗೆ ಅಂಚೆಯಲ್ಲಿ ಬಂದ ಒಂದು ಹಾಳೆ ವೆಂಡೆಲ್ ಕ್ರೌಸ್‌ನ ತಲೆ ಕೆಡಿಸಿತು. ಐವತ್ತೆರಡರ ಸಂಗೀತ ಮೇಷ್ಟ್ರು. ಓದಿಗೆಂದು ಇಪ್ಪತ್ತರಲ್ಲಿ ಮಾಡಿದ ಸಾಲ ಅವನ ಹೊಟ್ಟೆಯ ಹಾಗೆ ಬೆಳೆಯುತ್ತಲೇ ಇತ್ತು. ಕಂತು ಕಟ್ಟಲೆಂದೇ ಶನಿವಾರಗಳಲ್ಲಿ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸಲು ಡಬ್ಬ ಅಲುಗಿಸುತ್ತಿದ್ದ. ಅಂಥ ಸಾಲವನ್ನು, ದೇಶದ ಎಲ್ಲರ ಓದಿನ ಸಾಲದ ಜೊತೆಗೆ, ತಿಂಗಳ ಕೊನೆಗೆ ಮನ್ನಾ ಮಾಡುವುದಾಗಿ ವಾಷಿಂಗ್ಟನ್ನಿನ ಸರ್ಕಾರ ಬರೆದಿತ್ತು!

ವೆಂಡೆಲ್ ಅಂಚೆಯವಳನ್ನು ಅಪ್ಪಿಕೊಂಡ. ಶಾಲೆಯಲ್ಲಿ ಕಸ ಗುಡಿಸುವವರಿಗೂ ಡೋನಟ್ ಹಂಚಿ ಧನ್ಯವಾದ ಹೇಳಿದ. ಗಣಿತದ ರೋಂಡಾ ಎರಡು ತಿಂದು, "ಬಾಯಿ ಮುಚ್ಕೊಂಡಿರೋ ಮಾರಾಯ, ಮನ್ನಾ ಮೇಲೆ ಕೋರ್ಟಿನ ಕಣ್ಣು ಬಿದ್ದೀತು" ಎಂದಳು.

ಬಾಯಿ ಮುಚ್ಚುವ ಜಾತಿಯೇ ಅವನದು? ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಹಾರ್ಲನ್ ಬೇಲಿಯ ಬಳಿ ಬುಸುಗುಟ್ಟುತ್ತಿದ್ದ. ಜೀವನಪೂರ್ತಿ ನಲ್ಲಿ ರಿಪೇರಿ ಮಾಡಿದವನು.

"ನೀನು ತುತ್ತೂರಿ ಊದೋದು ಕಲಿತಿದ್ದಕ್ಕೆ ನನ್ನ ತೆರಿಗೆ ಯಾಕಯ್ಯಾ ಹೋಗ್ಬೇಕು?"

"ಅದಕ್ಕೂ ಥ್ಯಾಂಕ್ಸ್, ಹಾರ್ಲನ್."

"ಥ್ಯಾಂಕ್ಸಂತೆ! ನಡಿ, ಈ ಮನ್ನಾ ವಿರುದ್ಧ ಸಭೆ ಮಾಡೋಕೆ ಫೈರ್ ಸ್ಟೇಷನ್ನಿಗೆ ರಾಜ್ಯದ ವಕೀಲ ಬಂದಿದಾನೆ. ಅವನ ಮುಂದೆ ಹೇಳು!" ಎಂದು ತೋಳು ಹಿಡಿದು ಎಳೆದೊಯ್ದ.

ವಕೀಲ ಬೆವರೊರೆಸಿಕೊಳ್ಳುತ್ತಿದ್ದ. "ಈ ಮನ್ನಾ ತಡೀಬೇಕು, ನಿಜ. ಆದ್ರೆ ಇದರಿಂದ ನಷ್ಟ ಆದೋರು ಯಾರು ಅಂತ ಜಡ್ಜ್ ಕೇಳ್ತಾರೆ. ಒಬ್ಬರೂ ಸಿಗದಿದ್ರೆ ಬಾಗಿಲಿಂದಲೇ ಓಡಿಸ್ತಾರೆ."

"ನನ್ನ ಹೊಟ್ಟೆ ಉರೀತಿದೆ!" ಹಾರ್ಲನ್ ಕೂಗಿದ.

"ಹೊಟ್ಟೆಯುರಿ ನಷ್ಟ ಅಲ್ಲ, ಯಜಮಾನ್ರೇ."

"ನನ್ನ ಸಾಲ ನಾನೇ ತೀರಿಸಿದೀನಿ!" ಎಂದಳೊಬ್ಬಳು.

"ಅದೂ ನಡೆಯಲ್ಲಮ್ಮಾ." ವಕೀಲ ಸೋತು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ.

ಆಗ ವೆಂಡೆಲ್ ಸುಮ್ಮನೆ ಕಾಫಿ ಕುಡಿದು ಮನೆಗೆ ಹೋಗಬೇಕಿತ್ತು. ಆದರೆ ಪುಣ್ಯಾತ್ಮನಿಗೆ ಎದೆ ತುಂಬಿ ಬಂತು. ಎದ್ದು ನಿಂತ.

"ಯಾರಿಗೂ ನಷ್ಟ ಇಲ್ಲ ಸಾರ್. ಪಾಪ, ನನ್ನ ಕಂತು ವಸೂಲಿ ಮಾಡೋ ಕಂಪನಿಗೆ ತಿಂಗಳ ಕಮಿಷನ್ ತಪ್ಪುತ್ತೆ, ಅಷ್ಟೇ. ನಮ್ಮ ರಾಜ್ಯ ಸರ್ಕಾರದ್ದೇ ಕಂಪನಿ ಅದು. ಮೂವತ್ತು ವರ್ಷ ನನ್ನ ಗೋಳು ಕೇಳಿದಾರೆ. ಅವರಿಗೂ ನನ್ನ ಧನ್ಯವಾದ!"

ವಕೀಲನ ಕೈ ಚೀಲದಲ್ಲೇ ನಿಂತಿತು.

"ರಾಜ್ಯದ್ದೇ ಕಂಪನಿನಾ? ಅದಕ್ಕೆ ನಷ್ಟ ಅಂದ್ರೆ ರಾಜ್ಯಕ್ಕೇ ನಷ್ಟ! ನಾಳೆನೇ ತಡೆಯಾಜ್ಞೆ ತರ್ತೀನಿ!" ಓಡಿ ಬಂದು ವೆಂಡೆಲ್‌ನ ಎರಡೂ ಕೈ ಹಿಡಿದ. "ಮೇಷ್ಟ್ರೇ, ನಿಮ್ಮ ಉಪಕಾರ ಮರೆಯಲ್ಲ!"

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಏನೂ ತಿಳಿಯದೆ ತಲೆಬಾಗಿ ವಂದಿಸುತ್ತಿದ್ದ ವೆಂಡೆಲ್‌ನನ್ನು ಹಾರ್ಲನ್ ಬಾಚಿ ತಬ್ಬಿಕೊಂಡ.

"ನಿನ್ನ ಸಾಲ ಉಳೀತು ಕಣೋ! ನಿನ್ನಿಂದ ಇಡೀ ದೇಶದ್ದೇ ಉಳೀತು!"